ಜಿನ್ನಿ ಬಸ್ಸಿಗೆ ಯಾಕೆ ಕಾಯಬೇಕು?

ಎಲ್ಲ ತಾಪತ್ರಯಕ್ಕೂ ಮೂಲ ಎರಡಂಗುಲದ ಒಂದು ಪೆನ್ಸಿಲ್ ತುಂಡು. ದರ್ಜಿ ಸೆಫಾನಿಯಾ ಕಿಸಾಕಾನ ಬಲಗಿವಿಯ ಮೇಲೆ ಅದು ಹಸುವಿನ ಬೆನ್ನೇರಿದ ಬೆಳ್ಳಕ್ಕಿಯ ಹಾಗೆ ಹಗಲೆಲ್ಲ ಕೂತಿರುತ್ತಿತ್ತು. ಬಟ್ಟೆಗೆ ಗುರುತು ಹಾಕಲು ಅವನ ಹತ್ತಿರ ನೀಲಿ ಸೀಮೆಸುಣ್ಣವಿತ್ತು. ಪೆನ್ಸಿಲ್ ಇದ್ದದ್ದು ಪುಸ್ತಕಗಳಿಗೆ.

ಪಾರೆ ಬೆಟ್ಟದ ಮಗ್ಗುಲಿಗೆ ಅಂಟಿಕೊಂಡಿರುವ ಕಿಸಂಗೇನಿಯಲ್ಲಿ ಪುಸ್ತಕಗಳೆಂದರೆ ಮಾಮಾ ನೀಟಿವೆಯ ಸಾಬೂನಿನ ಪೆಟ್ಟಿಗೆಯಲ್ಲಿದ್ದ ಹದಿನಾಲ್ಕು ಕಾದಂಬರಿಗಳು. ಮಾಮಾ ಎಂದರೆ ಆ ಕಡೆ ಅಮ್ಮ. ಅವಳ ಚಾ ಅಂಗಡಿಯಲ್ಲಿ ಚಪಾತಿ ಕಾವಲಿಯ ಪಕ್ಕದಲ್ಲೇ ಪೆಟ್ಟಿಗೆ. ಎರಡು ದಿನಕ್ಕೆ ಇಷ್ಟು ಎಂದು ಬಾಡಿಗೆ. ಯಾಕೋ ಏನೋ, ಆ ಪೆಟ್ಟಿಗೆಗೆ ಬಂದು ಬೀಳುವ ಕಾದಂಬರಿಗಳೆಲ್ಲ ಮಾಟದವು, ಜಿನ್ನಿಯವು, ಗೋರಿಯಿಂದ ಎದ್ದು ಬಂದವರವು. ಕಿಸಾಕಾ ಹದಿನಾಲ್ಕನ್ನೂ ಎರಡೆರಡು ಸಲ ಓದಿದ್ದ. ಓದುವಾಗ ಕೈ ಸುಮ್ಮನಿರುತ್ತಿರಲಿಲ್ಲ. ಅನಿಸಿದ್ದನ್ನೆಲ್ಲ ಅಂಚಿನಲ್ಲಿ ಬರೆಯುತ್ತಿದ್ದ.

ಜಿನ್ನಿಗಳ ಮೇಲೆ ಅವನಿಗೆ ಯಾವ ತಕರಾರೂ ಇರಲಿಲ್ಲ. ಇರಲಿ, ಅವುಗಳ ಪಾಡಿಗೆ ಅವು. ತಕರಾರೆಲ್ಲ ಬರೆದವರ ಮೇಲೆ. ‘ಕಿವುಲಿ’ ಎಂಬ ಗುಪ್ತನಾಮದವನು ಬರೆದ ‘ಜಿನ್ನಿಯ ಏಳನೆಯ ಹೆಂಡತಿ’ಯನ್ನಂತೂ ಅವನು ಗಿರಾಕಿಯ ಹಳೆಯ ಪ್ಯಾಂಟನ್ನು ಬಿಚ್ಚಿದ ಹಾಗೆ ಹೊಲಿಗೆ ಹೊಲಿಗೆಯಾಗಿ ಬಿಚ್ಚಿದ್ದ. ಹತ್ತೊಂಬತ್ತನೆಯ ಪುಟದ ಅಂಚಿನಲ್ಲಿ: “ಈ ಜಿನ್ನಿ ಹದಿನಾಲ್ಕು ಮೊಳ ಎತ್ತರ. ಬಿಳಿ ನಿಲುವಂಗಿ ತೊಟ್ಟಿದೆ. ಹೊಲಿದವರು ಯಾರು? ಹದಿನೆಂಟು ಗಜವಾದರೂ ಬೇಕು, ತೋಳು ಬಿಟ್ಟು.” ಮೂವತ್ತೊಂದರಲ್ಲಿ: “ಬೀಗದ ಕಿಂಡಿಯಿಂದ ಒಳಗೆ ಬಂತು, ಸರಿ. ನಿಲುವಂಗಿ? ಬಾಗಿಲಾಚೆ ಬಿಚ್ಚಿಟ್ಟು ಬಂತೆ? ಹೆಂಗಸರಿರುವ ಮನೆ.” ಐವತ್ತೆಂಟರಲ್ಲಿ ಮಾಟಗಾತಿ ಮೊರದ ಮೇಲೆ ಕೂತು ತಾಂಗಾ ಪಟ್ಟಣದಿಂದ ಬೆಟ್ಟಕ್ಕೆ ಕಣ್ಣು ಮಿಟುಕಿಸುವುದರೊಳಗೆ ಹಾರಿ ಬರುತ್ತಾಳೆ, ಜೊತೆಗೆ ಜಿನ್ನಿಯೂ. ತೊಂಬತ್ತರಲ್ಲಿ ಅದೇ ಜಿನ್ನಿ ಸಾಮೆ ಎಂಬ ಪೇಟೆಯ ಬಸ್ ನಿಲ್ದಾಣದಲ್ಲಿ ಎರಡು ಗಂಟೆ ನಿಂತಿರುತ್ತದೆ. ಅಲ್ಲಿ ಪೆನ್ಸಿಲ್ ಕಾಗದವನ್ನು ತೂತು ಮಾಡುವಷ್ಟು ಒತ್ತಿತ್ತು: “ಜಿನ್ನಿ ಬಸ್ಸಿಗೆ ಯಾಕೆ ಕಾಯಬೇಕು? ಮೊರ ಎಲ್ಲಿ?”

ಆ ಗುರುವಾರ ಬೆಳಿಗ್ಗೆ ಕಿಸಾಕಾ ಚಾಕ್ಕೆ ಚಪಾತಿ ಅದ್ದುತ್ತ ಕೂತಿದ್ದಾಗ ಅವನ ಮನಸ್ಸಿನಲ್ಲಿದ್ದದ್ದು ಜಿನ್ನಿಯಲ್ಲ, ಬೀಗದ ಕೈ. ಊರಿಗೆ ಒಂದು ವಾಚನಾಲಯ ಮಂಜೂರಾಗಿತ್ತು. ಕೋಣೆಗೆ ಸುಣ್ಣ ಹೊಡೆದಾಗಿತ್ತು. ಮುನ್ನೂರು ಪುಸ್ತಕಗಳ ಆರು ಪೆಟ್ಟಿಗೆಗಳು ಬಂದು, ಒಡೆಯದೆ, ಒಳಗೆ ಸಾಲಾಗಿ ಕೂತಿದ್ದವು. ಕಿಸಾಕಾ ಕಿಟಕಿಯ ಸಂದಿಯಿಂದ ದಿನಕ್ಕೊಂದು ಸಲ ಅವನ್ನು ನೋಡಿ ಬರುತ್ತಿದ್ದ. ಕಡಲೆಕಾಯಿ ಕಟ್ಟಿಕೊಟ್ಟ ಚೂರು ಕಾಗದವನ್ನೂ ಬಿಡಿಸಿ ಓದುವ ಮನುಷ್ಯ. ಮುನ್ನೂರು ಪುಸ್ತಕ ಎಂಬ ಮಾತಿಗೇ ಅವನಿಗೆ ನಿದ್ದೆ ಬರುತ್ತಿರಲಿಲ್ಲ. ಪಾಲಕನ ಹುದ್ದೆಗೆ ಅರ್ಜಿ ಹಾಕಿದ್ದವರು ಇಬ್ಬರೇ, ಅವನು ಮತ್ತು ಕ್ಷೌರಿಕ ಹಸ್ಸಾನಿ. ಹಸ್ಸಾನಿಗೆ ಓದು ಬೇಕಿರಲಿಲ್ಲ. ಆ ಕೋಣೆಯ ಬೆಳಕು ಕ್ಷೌರಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಹೊಸದಾಗಿ ಬಂದ ವಾರ್ಡ್ ಅಧಿಕಾರಿ ಪ್ರೋಸ್ಪರ್ ಶಿರಿಮಾ ಅಂದು ಸಂಜೆ ನಾಲ್ಕಕ್ಕೆ ಮಾವಿನ ಮರದ ಕೆಳಗೆ ಹೆಸರು ಹೇಳುವವನಿದ್ದ.

“ಕಿಸಾಕಾ, ನಿನ್ನೆ ಸಾಹೇಬ್ರು ಇಲ್ಲೇ ಚಾ ಕುಡಿದ್ರು ಕಣೋ,” ಎಂದಳು ಮಾಮಾ ನೀಟಿವೆ, ಹಿಟ್ಟು ನಾದುತ್ತ. “ಪೆಟ್ಟಿಗೆ ನೋಡಿ, ‘ಜಿನ್ನಿಯ ಏಳನೆಯ ಹೆಂಡತಿ ಇದ್ಯಾ’ ಅಂದ್ರು. ಬಾಡಿಗೆಗೆ ಹೋಗಿದೆ ಅಂದೆ. ಮುಖ ಅರಳಿದ್ದೇ ಅರಳಿದ್ದು! ಆಮೇಲೆ ಬಗ್ಗಿ ಪಿಸುಗುಟ್ಟಿದ್ರು, ಬರೆದೋರು ಅವರೇ ಅಂತೆ.”

ಕಿಸಾಕಾ ಚಪಾತಿಯನ್ನು ಚಾದಲ್ಲೇ ಮುಳುಗಲು ಬಿಟ್ಟ.

“ಇವತ್ತು ಮೂರೂವರೆಗೆ ಬಂದು ಅದನ್ನ ತಗೊಂಡು ಹೋಗ್ತಾರಂತೆ. ಹೊಸ ಪ್ರತಿ ಬೇಡ, ಊರೋರ ಕೈಯಲ್ಲಿ ಮಾಸಿದ್ದೇ ಬೇಕು ಅಂದ್ರು. ನಮ್ಮೂರಲ್ಲಿ ಒಬ್ಬ ಇದಾನೆ ಸಾಹೇಬ್ರೇ, ಪುಸ್ತಕದ ಅಂಚಲ್ಲೆಲ್ಲ ಬರೀತಾನೆ ಅಂತಾನೂ ಹೇಳ್ದೆ.”

“ನನ್ನ ಹೆಸರು ಹೇಳಿದ್ಯಾ?”

“ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಹಾಲು ಉಕ್ಕಿತು.”

ಕಿಸಾಕಾ ಆ ಹಾಲಿನ ಪಾತ್ರೆಯನ್ನು ಭಕ್ತಿಯಿಂದ ನೋಡಿದ. ಆದರೆ ರಕ್ಷಾಪುಟದ ಒಳಮಗ್ಗುಲಲ್ಲಿ ತಾನೇ ಪೆನ್ಸಿಲ್ಲಿನಲ್ಲಿ “ಓದಿದವನು: ಸೆ. ಕಿಸಾಕಾ, ದರ್ಜಿ” ಎಂದು ಬರೆದದ್ದು ನೆನಪಾಗಿ ಮತ್ತೆ ಬೆವರಿದ.

“ಅದಕ್ಯಾಕೋ ಹೀಗೆ ಬಿಳಿಚ್ಕೋತೀಯಾ? ಅವರು ಚಗ್ಗಾ, ನಾವು ಪಾರೆ. ಗೇಲಿನಂಟರು. ಬೈದ್ರೆ ಏನಾಯ್ತು?”

ಅವಳು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಆ ಸೀಮೆಯ ಬುಡಕಟ್ಟುಗಳ ನಡುವೆ ಉತಾನಿ ಎಂಬ ನಂಟು ಉಂಟು. ಚಗ್ಗಾದವನು ಪಾರೆಯವನನ್ನು, ಪಾರೆಯವನು ಚಗ್ಗಾದವನನ್ನು ಕಂಡಲ್ಲಿ ಹೀಯಾಳಿಸಬಹುದು, ಸಾವಿನ ಮನೆಯಲ್ಲೂ ಬಿಡಬೇಕಾಗಿಲ್ಲ. ಸಿಟ್ಟು ಮಾಡಿಕೊಂಡವನೇ ಮಾನಗೇಡಿ. ಶಿರಿಮಾ ವಾರದ ಹಿಂದೆ ಜೀಪಿನಿಂದ ಇಳಿದಾಗ ಊರವರು, “ಬಂತಪ್ಪ ಬಾಳೆಹೆಂಡದ ಪೀಪಾಯಿ” ಎಂದೇ ಸ್ವಾಗತಿಸಿದ್ದರು. ಅವನೂ, “ಮಕಾಂಡೆ ಕಾಳು ತಿನ್ನೋ ಹೊಟ್ಟೆಗಳೇ, ಅದು ಬೇಯೋ ಹೊತ್ತಿಗೆ ನಿಮ್ಮ ಕೇಸಿನ ತೀರ್ಪೂ ಬರುತ್ತಲ್ಲ, ಅದಕ್ಕೇ ಅದನ್ನ ತಿಂತೀರಿ” ಎಂದು ತಿರುಗೇಟು ಕೊಟ್ಟಿದ್ದ.

“ಬಾಯಲ್ಲಿ ಬೈಯೋದು ಬೇರೆ ಮಾಮಾ,” ಎಂದ ಕಿಸಾಕಾ, ಎದ್ದು ನಿಂತು. “ಇದು ಬರೆದದ್ದು. ಸಹಿ ಬೇರೆ ಇದೆ. ನಮ್ಮ ಚಿಕ್ಕಪ್ಪನ ಆಡಿನ ಕೇಸು ಹನ್ನೊಂದು ವರ್ಷ ನಡೆದದ್ದು ಯಾವುದರ ಮೇಲೆ? ಒಂದು ಚೀಟಿ ಮೇಲೆ. ಪುಸ್ತಕ ಯಾರ ಹತ್ರ ಇದೆ?”

“ನರ್ಸಮ್ಮ ಎಲಿಪೆಂಡಾ ಹತ್ರ.”

ಅವನು ಚಾ ಹಾಗೇ ಬಿಟ್ಟು ಹೊರಟ.

ಆಸ್ಪತ್ರೆಯ ಜಗುಲಿಯಲ್ಲಿ ಹನ್ನೊಂದು ಹೆಂಗಸರು, ಏಳು ಕೂಸುಗಳು. ಕಾಯಿಲೆ ಇಲ್ಲದವರನ್ನು ಒಳಗೆ ಬಿಡುವ ಪದ್ಧತಿ ಎಲಿಪೆಂಡಾಳಲ್ಲಿ ಇರಲಿಲ್ಲ. ಕಿಸಾಕಾ ಸಾಲಿನಲ್ಲಿ ಕೂತ. ಎದ್ದ. ಮತ್ತೆ ಕೂತ. ಬಿಸಿಲು ಜಗುಲಿಯ ಮೊದಲ ಮೆಟ್ಟಿಲಿನಿಂದ ಮೂರನೆಯದಕ್ಕೆ ಏರುವವರೆಗೂ ಅವನ ಕಾಲು ನೆಲದ ಮೇಲೆ ಮೆಷಿನ್ ತುಳಿಯುತ್ತಲೇ ಇತ್ತು.

“ಏನಾಗಿದೆ ಫುಂಡಿ?” ಎಂದಳು ಎಲಿಪೆಂಡಾ, ಬಾಗಿಲಲ್ಲೇ ನಿಂತು, ಹನ್ನೊಂದೂ ಜನರಿಗೆ ಕೇಳಿಸುವ ಹಾಗೆ. ಕಸುಬಿನವರನ್ನು ಆ ಕಡೆ ಫುಂಡಿ ಎಂದೇ ಕರೆಯುವುದು.

“ಏನಿಲ್ಲ, ಒಂದು ಮಾತಾಡೋದಿತ್ತು.”

“ಮಾತಿಗೆ ಸಂತೆ ಇದೆ. ಇಲ್ಲಿ ಕಾಯಿಲೆ ಹೇಳು.”

“ಹೊಟ್ಟೆ,” ಎಂದ, ಬಾಯಿಗೆ ಬಂದದ್ದನ್ನು.

“ಹೋಗ್ತಾ ಇದೆಯೋ, ನಿಂತಿದೆಯೋ?”

ಹನ್ನೊಂದು ಹೆಂಗಸರೂ ಉತ್ತರಕ್ಕೆ ಕಾದರು. “ನಿಂತಿದೆ,” ಎಂದ ಕಿಸಾಕಾ, ಅದೇ ಹೆಚ್ಚು ಮರ್ಯಾದಸ್ತ ಕಾಯಿಲೆ ಎನ್ನಿಸಿ.

ಮುಂದಿನ ಕ್ಷಣದಲ್ಲಿ ಅವನ ಬಾಯಿಗೆ ಹರಳೆಣ್ಣೆಯ ಲೋಟ ಬಂದಿತ್ತು. ಎಲಿಪೆಂಡಾ ಗಂಟಲಿನ ಉಂಡೆ ಇಳಿದದ್ದನ್ನು ಕಣ್ಣಾರೆ ಕಂಡ ಮೇಲೇ ಲೋಟ ಬಿಟ್ಟಳು.

“ಆ ಜಿನ್ನಿ ಪುಸ್ತಕ ಬೇಕಿತ್ತು ಸಿಸ್ಟರ್,” ಎಂದ, ಕಣ್ಣೀರು ಒರೆಸಿಕೊಂಡು.

“ಅಯ್ಯೋ, ಅದಾ! ಕತೆ ಯಾರು ಓದಿದ್ರು ಮಾರಾಯ, ನಾವೆಲ್ಲ ಅಂಚನ್ನೇ ಓದಿದ್ದು. ಮೊನ್ನೆ ಒಬ್ಬನ ಹಣೆಗೆ ಹೊಲಿಗೆ ಹಾಕ್ತಾ ಇದ್ದಾಗ ಆ ನಿಲುವಂಗಿ ಮಾತು ನೆನಪಾಗಿ ನಕ್ಕುಬಿಟ್ಟೆ. ಹೊಲಿಗೆ ಸೊಟ್ಟ ಆಯ್ತು. ಈಗ ಅವನ ಒಂದು ಹುಬ್ಬು ಸದಾ ಆಶ್ಚರ್ಯಪಟ್ಟ ಹಾಗಿದೆ.”

“ಪುಸ್ತಕ ಎಲ್ಲಿ ಅಂದೆ.”

“ಹಸ್ಸಾನಿ ತಗೊಂಡು ಹೋದ. ಗಿರಾಕಿಗಳಿಗೆ ಓದೋಕೆ ಏನಾದ್ರೂ ಬೇಕು ಅಂದ.”

ಕಿಸಾಕಾ ಜಗುಲಿಯಿಂದ ಧುಮುಕಿ ಹೊರಟ. ಊರಿನ ಅಷ್ಟೂ ಜನರಲ್ಲಿ ಹಸ್ಸಾನಿಯ ಕೈಗೇ!

ಹಸ್ಸಾನಿಯ ಅಂಗಡಿ ಎಂದರೆ ನಾಲ್ಕು ಕಂಬ, ಒಂದು ತಗಡು, ಒಂದು ಕುರ್ಚಿ, ಒಂದು ಕನ್ನಡಿ. ಕನ್ನಡಿ ವಾಲದಿರಲಿ ಎಂದು ಅದರ ಬುಡಕ್ಕೆ ಕೊಟ್ಟಿದ್ದ ಆಸರೆಯೇ ‘ಜಿನ್ನಿಯ ಏಳನೆಯ ಹೆಂಡತಿ’. ಕಿಸಾಕಾನ ಕೈ ಅದರತ್ತ ಚಾಚುವ ಮೊದಲೇ ಹಸ್ಸಾನಿ ಅವನ ಹೆಗಲು ಒತ್ತಿ ಕುರ್ಚಿಗೆ ಕೂರಿಸಿ, ಕುತ್ತಿಗೆಗೆ ಬಟ್ಟೆ ಬಿಗಿದ.

“ಕ್ಷೌರ ಬೇಡ ಹಸ್ಸಾನಿ. ಆ ಪುಸ್ತಕ ಕೊಡು ಸಾಕು.”

“ಕನ್ನಡಿ ಬೀಳುತ್ತೆ ಫುಂಡಿ. ಗಿರಾಕಿ ಕೂತಿದ್ರೆ ಕನ್ನಡಿ ಹಿಡ್ಕೋತಾನೆ, ಆಗ ಪುಸ್ತಕ ಕೊಡಬಹುದು. ಗಿರಾಕಿ ಆಗು.” ಕತ್ತಿ ಮಸೆಯುತ್ತ ಅವನು ನಕ್ಕ. “ಹೆಂಗೂ ನಾಲ್ಕು ಗಂಟೆಗೆ ಸಭೆ ಇದೆ. ಸೋಲೋನು ಸ್ವಲ್ಪ ಚೆಂದ ಕಾಣ್ಲಿ.”

ತಲೆಯ ಎಡಭಾಗ ನುಣ್ಣಗಾಯಿತು. ಕಿಸಾಕಾ ಒಂದು ಕೈಯಲ್ಲಿ ಕನ್ನಡಿ ಹಿಡಿದು ಇನ್ನೊಂದರಲ್ಲಿ ಪುಟ ತಿರುವಿದ. ಎಲ್ಲ ಇದ್ದವು, ಕೊನೆಯ ಹಾಳೆ ಹೊರತು.

“ಇಲ್ಲೊಂದು ಹಾಳೆ ಹರಿದಿದೆಯಲ್ಲೋ!”

“ಬೆಳಿಗ್ಗೆ ಒಬ್ಬರಿಗೆ ಗಡ್ಡ ಮಾಡ್ತಾ ಇದ್ದೆ, ನೊರೆ ಒರೆಸೋಕೆ ಕಾಗದ ಮುಗಿದಿತ್ತು. ಕೊನೇ ಹಾಳೆ ತಾನೆ, ಅಷ್ಟೊತ್ತಿಗೆ ಕತೆ ಮುಗಿದಿರುತ್ತೆ.”

ಆ ಹಾಳೆಯಲ್ಲಿ ಕಾದಂಬರಿ ನಾಲ್ಕೇ ಸಾಲು. ಉಳಿದ ಜಾಗದ ತುಂಬ ಕಿಸಾಕಾ ತನ್ನ ಒಟ್ಟು ಅಭಿಪ್ರಾಯ ಬರೆದಿದ್ದ. ಹೋದದ್ದು ಒಳ್ಳೆಯದೇ ಆಯಿತು, ಒರೆಸುವ ಕೆಲಸ ಒಂದು ಕಡಿಮೆ ಎಂದುಕೊಂಡ. ಗಡ್ಡ ಯಾರದೆಂದು ಕೇಳಲಿಲ್ಲ. ಕೇಳಲು ಪುರುಸೊತ್ತೂ ಇರಲಿಲ್ಲ. ಹರಳೆಣ್ಣೆ ತನ್ನ ಮೊದಲ ಕರೆ ಕಳಿಸಿತ್ತು. ಕುತ್ತಿಗೆಯ ಬಟ್ಟೆ ಕಿತ್ತೆಸೆದು, ಕನ್ನಡಿಯನ್ನು ಹಸ್ಸಾನಿಯ ಕೈಗೆ ತುರುಕಿ, ಪುಸ್ತಕವನ್ನು ಕಂಕುಳಲ್ಲಿ ಅವುಚಿಕೊಂಡು ಓಡಿದ.

“ಏ! ಇನ್ನರ್ಧ ತಲೆ!” ಎಂದು ಹಸ್ಸಾನಿ ಹಿಂದಿನಿಂದ ಕೂಗಿದ. ಸಂತೆಗೆ ಮೂಟೆ ಹೊತ್ತು ಬರುತ್ತಿದ್ದವರು ದಾರಿ ಬಿಟ್ಟು ನಿಂತು ನೋಡಿದರು. ಒಂದು ಕಡೆಯಿಂದ ಕಂಡವರಿಗೆ ಕಿಸಾಕಾ, ಇನ್ನೊಂದು ಕಡೆಯಿಂದ ಕಂಡವರಿಗೆ ಯಾರೋ ಪರಸ್ಥಳದ ಪಾದ್ರಿ.

ಮನೆಯ ಹಿತ್ತಲಿಗೆ ಹೋಗಿ ಬಂದು, ಬಾಗಿಲು ಹಾಕಿಕೊಂಡು, ಅವನು ಕೆಲಸಕ್ಕೆ ಕೂತ. ರಬ್ಬರು ಊರಲ್ಲಿ ಶಾಲೆಯವರ ಹತ್ತಿರ ಮಾತ್ರ ಇತ್ತು, ಶಾಲೆಗೆ ರಜ. ಆದರೆ ಮಿಷನ್ ಶಾಲೆಯಲ್ಲಿ ಕಲಿತ ಉಪಾಯವೊಂದು ಅವನಿಗೆ ಮರೆತಿರಲಿಲ್ಲ. ಒಲೆಯ ಮೇಲಿನ ಉಗಾಲಿ ಮುದ್ದೆಯಲ್ಲಿ ಒಂದು ಹಿಡಿ ಕಿತ್ತು, ಆರಿಸಿ, ಉಂಡೆ ಕಟ್ಟಿ, ಪುಟದ ಅಂಚಿಗೆ ತಿಕ್ಕಿದ. ಪೆನ್ಸಿಲ್ ಎದ್ದು ಬಂತು. ಮುದ್ದೆ ಕಪ್ಪಾಯಿತು.

ಹೆಂಡತಿ ನಾಕುಂಡಾ ಹಿತ್ತಲ ಬಾಗಿಲಿನಿಂದ ಒಳಗೆ ಬಂದು ಸೊಂಟಕ್ಕೆ ಕೈಯಿಟ್ಟು ನಿಂತಳು.

“ಇಷ್ಟು ದಿನ ನೀನು ಉಣ್ಣೋದು ಬಿಟ್ಟು ಪುಸ್ತಕ ಓದ್ತಿದ್ದೆ. ಈಗ ಪುಸ್ತಕಕ್ಕೇ ಉಣ್ಣಿಸ್ತಾ ಇದೀಯಾ?”

“ಸುಮ್ನಿರೇ. ಇನ್ನೊಂದು ಹಿಡಿ ಕೊಡು.”

“ತಲೆ ಏನಾಯ್ತು?”

“ಅರ್ಧ ಆಯ್ತು. ಕೊಡು ಅಂದೆ.”

ರಕ್ಷಾಪುಟದ ಹೆಸರನ್ನು ಮೊದಲು ಅಳಿಸಿದ. ಆಮೇಲೆ ನೂರಾ ಹದಿನಾಲ್ಕು ಅಭಿಪ್ರಾಯಗಳು. ಒಂದೊಂದನ್ನು ಅಳಿಸುವಾಗಲೂ ಅದನ್ನು ಬರೆದ ಮಧ್ಯಾಹ್ನ ನೆನಪಾಗುತ್ತಿತ್ತು. ಕತೆಯಲ್ಲಿ ಆಗಲೇ ಸತ್ತಿದ್ದ ಮಾವ ನೂರಾ ಹನ್ನೆರಡನೆಯ ಪುಟದಲ್ಲಿ ಮತ್ತೊಮ್ಮೆ ಸತ್ತಾಗ, “ಬರೆದವನಿಗೆ ಮರೆತಿದೆ, ನನಗೆ ಮರೆತಿಲ್ಲ” ಎಂದು ಬರೆದದ್ದು ಅವನಿಗೆ ಬಹಳ ಪ್ರೀತಿಯ ಸಾಲು. ಅದಕ್ಕೂ ಉಗಾಲಿ ತಿಕ್ಕಿದ. ಎರಡು ಸಲ ಹಿತ್ತಲಿಗೆ ಓಡಿ ಬಂದ. ಬರಿದಾದ ಅಂಚುಗಳನ್ನು ನೋಡಿದರೆ ಬೆಳೆ ಕೊಯ್ದ ಹೊಲದ ಹಾಗೆ ಕಂಡು ಸಂಕಟವಾಯಿತು. ಬರೀ ಅಳಿಸಿದರೆ ಸಾಲದು, ಬರೆಯುವವನು ಒಬ್ಬನಿದ್ದಾನೆಂದು ಸಾಹೇಬರಿಗೆ ಗೊತ್ತು ಎನ್ನುವುದೂ ಹೊಳೆಯಿತು. ನಾಕುಂಡಾಳ ಚರ್ಚಿನ ಚೀಲದಿಂದ ನೀಲಿ ಪೆನ್ನು ತೆಗೆದು, ತನ್ನ ಕೋಳಿಕಾಲಿನ ಬರಹ ಬಿಟ್ಟು, ಮಿಷನ್ ಶಾಲೆಯ ದುಂಡು ಕೂಡಕ್ಷರದಲ್ಲಿ ಶುರುಮಾಡಿದ. “ಅದ್ಭುತ!” “ನಿಲುವಂಗಿ ಕಣ್ಣಿಗೆ ಕಟ್ಟಿತು, ಧನ್ಯವಾದಗಳು.” “ಮಾನ್ಯರು ಮಾವನನ್ನು ಎರಡು ಸಲ ಸಾಯಿಸಿ ನಮ್ಮ ದುಃಖವನ್ನು ಇಮ್ಮಡಿಗೊಳಿಸಿದ್ದಾರೆ.” ತೊಂಬತ್ತನೆಯ ಪುಟದಲ್ಲಿ ಬಹಳ ಹೊತ್ತು ಯೋಚಿಸಿ ಬರೆದ: “ಬಸ್ಸಿಗೆ ಕಾಯುವ ಜಿನ್ನಿಯ ತಾಳ್ಮೆ ನಮಗೆಲ್ಲ ಮಾದರಿ.” ಕೆಳಗೆ ಒಪ್ಪವಾಗಿ ಹೆಸರು.

ಮೂರೂವರೆಗೆ ಹತ್ತು ನಿಮಿಷವಿರುವಾಗ ಪುಸ್ತಕ ಮಾಮಾ ನೀಟಿವೆಯ ಪೆಟ್ಟಿಗೆಗೆ ಬಂದು ಬಿತ್ತು.

ನಾಲ್ಕಕ್ಕೆ ಮಾವಿನ ಮರದ ಕೆಳಗೆ ಇಡೀ ಸಂತೆ ನೆರೆದಿತ್ತು. ಕಿಸಾಕಾ ತಲೆಗೆ ಹೆಂಡತಿಯ ಹೂವಿನ ಕಾಂಗಾ ಬಟ್ಟೆ ಸುತ್ತಿಕೊಂಡು ಮುಂದಿನ ಸಾಲಿನಲ್ಲಿ ತೊಡೆ ಬಿಗಿಹಿಡಿದು ಕೂತಿದ್ದ. ಹೊಟ್ಟೆ ದೂರದ ಗುಡುಗಿನ ಹಾಗೆ ಸದ್ದು ಮಾಡುತ್ತಿತ್ತು. ಶಿರಿಮಾ ಎದ್ದು ನಿಂತ. ಎಂದಿನ ಹಾಗೆ ಊರಿಗೆ ಬೈಯಲಿಲ್ಲ. ಪುಸ್ತಕ ತೆಗೆದು ತೊಂಬತ್ತನೆಯ ಪುಟವನ್ನೇ ಓದಿದ.

“‘ಬಸ್ಸಿಗೆ ಕಾಯುವ ಜಿನ್ನಿಯ ತಾಳ್ಮೆ ನಮಗೆಲ್ಲ ಮಾದರಿ. ಇಂತಿ ವಿಧೇಯ, ಸೆಫಾನಿಯಾ ಕಿಸಾಕಾ.’”

ಹಿಂದಿನ ಸಾಲಿನಿಂದ ಮುದುಕನೊಬ್ಬ ಗಾಬರಿಯಿಂದ ಕೇಳಿದ: “ಇಷ್ಟೊಂದು ಮರ್ಯಾದೆ! ಏನಪ್ಪಾ ಕಿಸಾಕಾ, ಸಾಹೇಬರ ಮೇಲೆ ಕೇಸು ಹಾಕಿದ್ಯಾ?”

“ಅದೇ ನನಗೂ ಅರ್ಥ ಆಗ್ತಿಲ್ಲ,” ಎಂದ ಶಿರಿಮಾ. ಅವನ ಮುಖ ನಿಜವಾಗಿಯೂ ಬಾಡಿತ್ತು. “ಹದಿನೈದು ವರ್ಷದಿಂದ ಗುಟ್ಟಾಗಿ ಬರೀತಾ ಇದೀನಿ. ನಮ್ಮ ಮನೆಯೋರು ಹೊಗಳ್ತಾರೆ, ಅದು ಮನೆಯೋರ ಮಾತು. ಈ ಬೆಟ್ಟಕ್ಕೆ ವರ್ಗ ಆದಾಗ ಕುಣಿದುಬಿಟ್ಟೆ. ಗೇಲಿನಂಟರ ಊರು, ಇಲ್ಲಾದ್ರೂ ಒಬ್ಬ ಉಗೀತಾನೆ, ನಿಜ ಹೇಳ್ತಾನೆ ಅಂತ. ಹಾಗೆ ಬರೆಯೋನು ಸಿಕ್ಕಿದ್ರೆ ವಾಚನಾಲಯದ ಬೀಗದ ಕೈ ಅವನಿಗೇ ಅಂತ ಮನಸ್ಸಲ್ಲಿ ಗಟ್ಟಿ ಮಾಡಿದ್ದೆ. ಈ ಮನುಷ್ಯನಿಗೆ ನಾನೇನು ಕೇಡು ಮಾಡಿದ್ದೆ, ನನ್ನನ್ನ ಹೀಗೆ ಮಾನ್ಯರೇ ಅಂತ ದೂರ ಇಡೋಕೆ?”

ಕಿಸಾಕಾ ಬಾಯಿ ತೆರೆದ. ಅಷ್ಟರಲ್ಲಿ ಶಿರಿಮಾ ಜೇಬಿನಿಂದ ಮಡಿಸಿದ ಹಾಳೆಯೊಂದನ್ನು ತೆಗೆದ. ಮೂಲೆಯಲ್ಲಿ ಒಣಗಿದ ಸಾಬೂನಿನ ನೊರೆ.

“ಆದ್ರೆ ದೇವರು ದೊಡ್ಡವನು. ಬೆಳಿಗ್ಗೆ ಗಡ್ಡ ಮಾಡಿಸಿಕೊಳ್ತಾ ಇದ್ದೆ. ಹಸ್ಸಾನಿ ಕೈಯಲ್ಲಿ ಇದಿತ್ತು. ಕೇಳಿ: ‘ಈ ಬರಹಗಾರನಿಗೆ ಜಿನ್ನಿಯ ಹೆದರಿಕೆ ಇಲ್ಲ, ಅದಕ್ಕೇ ನಮಗೂ ಆಗುವುದಿಲ್ಲ. ಇವನು ಹೆದರುವುದು ಪುಟ ಕಡಿಮೆಯಾದೀತೆಂದು ಮಾತ್ರ.’” ಜನ ಹೋ ಎಂದು ನಕ್ಕರು. ಶಿರಿಮಾನೂ ನಕ್ಕ. ಆಮೇಲೆ ಅವನ ದನಿ ಇಳಿಯಿತು. “‘ಆದರೆ ಎಪ್ಪತ್ತಮೂರನೆಯ ಪುಟದಲ್ಲಿ ಸತ್ತ ತಾಯಿ ಸಂಜೆ ಬಂದು, ಮಗಳ ಕೊಡದಲ್ಲಿ ನೀರಿದೆಯೇ ಎಂದು ಬಗ್ಗಿ ನೋಡಿ ಹೋಗುತ್ತಾಳೆ. ಅಲ್ಲಿ ನಾನು ಕೆಲಸ ನಿಲ್ಲಿಸಿದೆ. ಹಾಗೆ ಬರೆಯಬಲ್ಲವನು ಉಳಿದದ್ದನ್ನು ಯಾಕೆ ಹೀಗೆ ಬರೆದ?’”

ಅವನು ಹಾಳೆ ಮಡಿಸಿದ. “ಆ ಒಂದು ಪುಟಕ್ಕೆ ನಾನು ಎರಡು ತಿಂಗಳು ತಗೊಂಡೆ. ಉಳಿದ ಪುಸ್ತಕಕ್ಕೆಲ್ಲ ಸೇರಿ ಒಂದು. ಇದು ಯಾರು ಬರೆದದ್ದು ಅಂದೆ. ‘ನಾನೇ’ ಅಂದ ಹಸ್ಸಾನಿ.”

ಹಸ್ಸಾನಿ ಎದ್ದು, ಎದೆಯ ಮೇಲೆ ಕೈಯಿಟ್ಟು, ನಾಚಿಕೊಂಡವನ ಹಾಗೆ ಬಗ್ಗಿದ.

“ಸುಳ್ಳು!” ಕಿಸಾಕಾ ಜಿಗಿದು ನಿಂತ. “ಸಾಹೇಬ್ರೇ, ಅದು ನಂದು! ಕೆಲಸ ನಿಲ್ಲಿಸಿದೆ ಅಂದ್ರೆ ಮೆಷಿನ್ ನಿಲ್ಲಿಸಿದೆ!”

ಶಿರಿಮಾ ಹಾಳೆಯನ್ನೂ ಪುಸ್ತಕವನ್ನೂ ಅಕ್ಕಪಕ್ಕ ಹಿಡಿದ. “ಇದು ಕೋಳಿಕಾಲು. ಇದು ಪಾದ್ರಿಗಳ ಅಕ್ಷರ. ಒಂದೇ ಕೈಯಾ?” ಪುಟ ತಿರುವಿದಾಗ ಒಳಗಿಂದ ಏನೋ ಒಣಗಿದ ಚೂರು ಅವನ ಬೂಟಿನ ಮೇಲೆ ಉದುರಿತು. ಎತ್ತಿ ಮೂಸಿದ. “ಉಗಾಲಿ. ಓಹೋ. ಅಂಚಲ್ಲಿ ಪೆನ್ಸಿಲ್ ಒತ್ತಿದ ಗೆರೆ ಇನ್ನೂ ಇದೆ. ಹಸ್ಸಾನಿ ಬರೆದದ್ದನ್ನೆಲ್ಲ ಅಳಿಸಿ, ಮೇಲೆ ತನ್ನ ಬೆಣ್ಣೆ ಬಳಿದಿದಾನೆ! ಹುದ್ದೆಗಾಗಿ!”

“ಅಳಿಸಿದ್ದು ನಾನೇ, ಬರೆದಿದ್ದೂ ನಾನೇ! ನರ್ಸಮ್ಮನ್ನ ಕೇಳಿ, ಮಾಮಾ ನೀಟಿವೆನ ಕೇಳಿ!”

“ಹೌದು ಸಾಹೇಬ್ರೇ, ನಾನು ಸಾಕ್ಷಿ,” ಎಂದಳು ಎಲಿಪೆಂಡಾ ಕೈಯೆತ್ತಿ. “ನಾನೂ ಸಾಕ್ಷಿ,” ಎಂದಳು ಮಾಮಾ ನೀಟಿವೆ. ಇಷ್ಟಕ್ಕೆ ನಿಂತಿದ್ದರೆ ಕಿಸಾಕಾ ಗೆದ್ದಿರುತ್ತಿದ್ದ. ಆದರೆ ಚಗ್ಗಾ ಸಾಹೇಬನೊಬ್ಬ ಪಾರೆಯವರ ಮುಂದೆ ನಿಂತು ವಿಚಾರಣೆ ನಡೆಸುವ ಮೋಜು ದಿನಾ ಸಿಗುವಂಥದ್ದಲ್ಲ. “ನಾನೂ ಸಾಕ್ಷಿ!” ಎಂದ ಮುದುಕ. “ನಾನೂ ಕಣ್ಣಾರೆ ಕಂಡೆ!” ಎಂದ ಶುಂಠಿ ಮಾರುವವನು. ಆಗಷ್ಟೇ ಬಸ್ಸಿನಿಂದ ಇಳಿದು, ಏನು ನಡೆಯುತ್ತಿದೆ ಎಂದೂ ಗೊತ್ತಿಲ್ಲದವನೊಬ್ಬ ಎರಡೂ ಕೈಯೆತ್ತಿದ. ಮರದ ಕೆಳಗೆ ಕೈಗಳ ಕಾಡೇ ಎದ್ದಿತು.

“ನಿಮ್ಮ ಒಂದು ಆಡಿನ ಕೇಸು ಹನ್ನೊಂದು ವರ್ಷ ನಡೆಯೋದು ಇದಕ್ಕೇ ಕಣ್ರಯ್ಯಾ!” ಎಂದು ಶಿರಿಮಾ ಹೊಟ್ಟೆ ಹಿಡಿದುಕೊಂಡು ನಕ್ಕ.

“ಜಿನ್ನಿ ಬಸ್ಸಿಗೆ ಯಾಕೆ ಕಾಯಬೇಕು?” ಕಿಸಾಕಾ ಕೂಗಿದ. ಅವನಿಗೀಗ ಹುದ್ದೆಯೂ ಮರೆತಿತ್ತು. “ಹೇಳಿ ಸಾಹೇಬ್ರೇ! ಮೊರ ಎಲ್ಲಿ ಹೋಯ್ತು? ಹದಿನೆಂಟು ಗಜ ಬಟ್ಟೆ ಎಲ್ಲಿಂದ ಬಂತು? ಸತ್ತ ಮಾವನ್ನ ಯಾಕೆ ಮತ್ತೆ ಸಾಯಿಸಿದ್ರಿ? ದರಿದ್ರ ಪುಸ್ತಕ ಅದು, ಒಂದು ಪುಟ ಬಿಟ್ಟು!”

ಜನ ಉರುಳಾಡಿ ನಕ್ಕರು. ಶಿರಿಮಾ ಕಣ್ಣೊರೆಸಿಕೊಂಡ. “ಈಗ ದಾರಿಗೆ ಬಂದ! ಇದು ಗೇಲಿನಂಟನ ಮಾತು. ಅಂದ್ರೆ ಪುಸ್ತಕ ಇಷ್ಟ ಆಗಿದೆ, ಅಲ್ವಾ?”

“ಇಲ್ಲ!”

“ಆಗಿದೆ, ಆಗಿದೆ.” ಆಮೇಲೆ ಅವನು ನಗು ನಿಲ್ಲಿಸಿದ. ಎಷ್ಟಾದರೂ ನ್ಯಾಯವಂತ. “ಸರಿ, ಕೊನೇ ಮಾತು. ಅಂಚಲ್ಲಿದ್ದದ್ದನ್ನ ಅಳಿಸಿದೋನೂ ಓದಿರ್ತಾನೆ, ಅದು ಲೆಕ್ಕಕ್ಕಿಲ್ಲ. ಈ ಹಾಳೆಯ ಹಿಂದುಗಡೆ ಇನ್ನೊಂದು ಸಾಲಿದೆ. ನಾನು ಯಾರಿಗೂ ಓದಿ ಹೇಳಿಲ್ಲ. ಬರೆದವನು ನೀನೇ ಆದ್ರೆ ಅದೇನು, ಹೇಳು. ಬೀಗದ ಕೈ ನಿಂದೇ.”

ಕಿಸಾಕಾನಿಗೆ ಆ ಸಾಲು ತನ್ನ ಹೆಸರಿನಷ್ಟೇ ಚೆನ್ನಾಗಿ ಗೊತ್ತಿತ್ತು. ಅವನು ಉಸಿರೆಳೆದುಕೊಂಡ. ಹರಳೆಣ್ಣೆ ಅದಕ್ಕಾಗಿಯೇ ಕಾದಿತ್ತು. ಅವನ ಮುಖ ಮೊದಲು ಹಳದಿಯಾಯಿತು, ಆಮೇಲೆ ಬೂದಿಯಾಯಿತು. ಒಂದು ಕೈ ಹೊಟ್ಟೆಗೆ, ಒಂದು ಕೈ ಹಿಂದಕ್ಕೆ ಹೋಯಿತು. ಇಡೀ ಊರು ನೋಡುತ್ತಿರುವಂತೆಯೇ, ತಲೆಯ ಕಾಂಗಾ ಬಟ್ಟೆ ಮರದ ಕೊಂಬೆಗೆ ಸಿಕ್ಕಿ ಹಾರಾಡುತ್ತ ಉಳಿಯಿತು, ಅರ್ಧ ಬೋಳುತಲೆಯ ಕಿಸಾಕಾ ಜೋಳದ ಹೊಲದೊಳಗೆ ಮಾಯವಾದ.

“ಕಳ್ಳ ಓಡಿದ ಪರಿ ನೋಡಿ,” ಎಂದ ಶಿರಿಮಾ ಬೇಸರದಿಂದ.

ಕಿಸಾಕಾ ಮರಳಿ ಬಂದಾಗ ಮರದ ಕೆಳಗೆ ಯಾರೂ ಇರಲಿಲ್ಲ. ವಾಚನಾಲಯದ ಕಿಟಕಿ ತೆರೆದಿತ್ತು. ಒಳಗೆ ಹಸ್ಸಾನಿಯ ಕನ್ನಡಿ ಆಗಲೇ ಪುಸ್ತಕದ ಪೆಟ್ಟಿಗೆಗೆ ಒರಗಿ ನಿಂತು ಸಂಜೆಯ ಬಿಸಿಲನ್ನು ಅವನ ಕಣ್ಣಿಗೇ ಹಿಡಿಯಿತು.

ಹೊತ್ತು ಮುಳುಗುವ ಮೊದಲು ಹಸ್ಸಾನಿಯೇ ದರ್ಜಿಯ ಜಗುಲಿಗೆ ಬಂದ. ಕೊರಳಲ್ಲಿ ದಾರಕ್ಕೆ ಕಟ್ಟಿದ ಬೀಗದ ಕೈ. ಕಂಕುಳಲ್ಲಿ ಕಾಗದದ ದಪ್ಪ ಕಟ್ಟು.

“ಫುಂಡಿ, ಸಿಟ್ಟಾ?”

ಕಿಸಾಕಾ ಮೆಷಿನ್ ತುಳಿದ. ಅದರಲ್ಲಿ ಬಟ್ಟೆಯೇ ಇರಲಿಲ್ಲ.

“ಸಾಹೇಬರ ಹೊಸ ಕಾದಂಬರಿ ಇದು. ಅಚ್ಚಾಗೋ ಮೊದಲು ನಾನು ಓದಿ ಅಂಚಲ್ಲಿ ನಿಜ ಬರೀಬೇಕಂತೆ, ಸೋಮವಾರದೊಳಗೆ. ನಂಗೆ ಫುಟ್‌ಬಾಲ್ ಗೋಲೆಷ್ಟು ಅಂತ ಓದೋಕೆ ಬಂದ್ರೆ ದೊಡ್ಡದು. ನೀನು ಬರೆದುಬಿಡು ಮಾರಾಯ. ಉಳಿದರ್ಧ ತಲೆ ಪುಕ್ಕಟೆ.”

“ತಗೊಂಡು ಹೋಗು. ನಾನು ಮುಟ್ಟಲ್ಲ.” ಮೆಷಿನ್ ನಿಂತಿತು. “ಬರೀಬೇಕಾದ್ರೆ ಆ ಮುನ್ನೂರು ಪುಸ್ತಕಾನೂ ಮೊದಲು ನನಗೆ ಕೊಡ್ತೀಯಾ?”

ಹಸ್ಸಾನಿ ತಲೆ ಕೆರೆದುಕೊಂಡ. “ಅದೊಂದು ಆಗಲ್ಲ. ಸಾಹೇಬರು ಬಾಗಿಲ ಮೇಲೇ ಬರೆದು ಅಂಟಿಸಿದಾರೆ. ಪೆನ್ಸಿಲ್‌ನೋರು ಎಷ್ಟು ಬೇಕಾದ್ರೂ ಗೀಚ್ಲಿ, ಪೆನ್ನಲ್ಲಿ ಗೀಚೋ ಸೆಫಾನಿಯಾ ಕಿಸಾಕಾನಿಗೆ ಮಾತ್ರ ಪುಸ್ತಕ ಕೊಡಕೂಡದು ಅಂತ.”

ಕಟ್ಟನ್ನು ಮೆಷಿನ್ನಿನ ಮೇಲಿಟ್ಟು ಅವನು ಸದ್ದಿಲ್ಲದೆ ಇಳಿದು ಹೋದ. ಕಿಸಾಕಾ ಅದರತ್ತ ಬೆನ್ನು ಹಾಕಿ ಕೂತ. ರಸ್ತೆ ನೋಡಿದ. ಕೋಳಿಗಳು ಗೂಡು ಸೇರುವುದನ್ನು ನೋಡಿದ. ನಾಕುಂಡಾ ಒಳಗಿನಿಂದ, “ಉಗಾಲಿ ಉಳಿದಿದೆ, ನಿನಗೋ ಪುಸ್ತಕಕ್ಕೋ?” ಎಂದಳು. ಕಿಸಾಕಾ ಸುಮ್ಮನೆ, ದಾರ ಸರಿಯಾಗಿದೆಯೇ ಎಂದು ನೋಡುವವನ ಹಾಗೆ, ಕಟ್ಟಿನ ದಾರ ಬಿಚ್ಚಿದ.

ಮೊದಲ ಹಾಳೆಯ ಶಾಯಿ ಇನ್ನೂ ಹಸಿಯಾಗಿತ್ತು. “ಅರ್ಪಣೆ: ‘ಜಿನ್ನಿ ಬಸ್ಸಿಗೆ ಯಾಕೆ ಕಾಯಬೇಕು ಎಂಬುದು ಕೊನೆಯ ಹಾಳೆಯವರೆಗೂ ತಿಳಿಯಲಿಲ್ಲ’ ಎಂದು ಆ ಹಾಳೆಯ ಹಿಂದುಗಡೆ ಬರೆದು ನನ್ನ ಕಣ್ಣು ತೆರೆಸಿದ ಕಿಸಂಗೇನಿಯ ಹಸ್ಸಾನಿಗೆ.”

ಕಿಸಾಕಾ ಹಲ್ಲು ಕಚ್ಚಿ ಪುಟ ತಿರುವಿದ. ಕಾದಂಬರಿ ಶುರುವಾಗಿತ್ತು: “ಮೊಶಿಯ ನಿಲ್ದಾಣದಲ್ಲಿ ಜಿನ್ನಿ ಎರಡು ಗಂಟೆಯಿಂದ ರೈಲಿಗಾಗಿ ಕಾಯುತ್ತಿತ್ತು.”

ಅವನ ಬಲಗೈ ತಾನಾಗಿ ಕಿವಿಯ ಮೇಲಕ್ಕೆ ಹೋಯಿತು.